ಕರಾವಳಿಯ ಸೆಕೆಗೆ ಎಸಿ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಒಂದು ಟನ್ ಸಾಕಾ, ಒಂದೂವರೆ ಬೇಕಾ?" ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಬರುವುದು ಸ್ವಲ್ಪ ಆಮೇಲೆ. ಕರಾವಳಿಯ ಬೇಸಿಗೆಯಲ್ಲಿ ಥರ್ಮಾಮೀಟರ್ ಸಾಮಾನ್ಯವಾಗಿ 33-34 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಲಬುರಗಿಯವರು ಕೇಳಿದರೆ "ಇದೂ ಒಂದು ಬಿಸಿಲಾ?" ಅಂದಾರು. ನಮ್ಮನ್ನು ಹಿಂಡುವುದು ಗಾಳಿಯಲ್ಲಿರುವ ನೀರು. ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಎಸಿ ಆರಿಸುವಾಗ, ಗೋಡೆಗೆ ಹಾಕಿಸುವಾಗ, ತೊಳೆಯುವಾಗ, ಪ್ರತಿ ಹಂತದಲ್ಲೂ "ಈ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಕೂಲರ್ ಯಾಕೆ ಬೇಡ

ಕೂಲರ್ ಅಗ್ಗ, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಅದು ಕೆಲಸ ಮಾಡುವುದೇ ಗಾಳಿಗೆ ನೀರು ಸೇರಿಸಿ. ಕಲಬುರಗಿಯಲ್ಲಿ 41 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ 20% ಇದ್ದಾಗ ಒಳ್ಳೆಯ ಕೂಲರ್ ಗಾಳಿಯನ್ನು 25-26 ಡಿಗ್ರಿಯ ಹತ್ತಿರಕ್ಕೆ ಇಳಿಸಬಲ್ಲದು. ನೀರು ಸೇರಿಸಿ ಗಾಳಿಯನ್ನು ಇಳಿಸಬಲ್ಲ ಕೊನೆಯ ಮಿತಿ ಅಲ್ಲಿ ಸುಮಾರು 23. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ 70% ಇದ್ದರೆ ಮಿತಿಯೇ 29. ಎಷ್ಟು ದುಬಾರಿ ಕೂಲರ್ ತಂದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಮೇಲಿಂದ ಕೋಣೆಯ ತುಂಬ ಇನ್ನಷ್ಟು ಪಸೆ. ಐಸ್ ಹಾಕುವ ಪುಟ್ಟ ಮೇಜಿನ ಕೂಲರ್‌ಗಳ ಕಥೆಯೂ ಅಷ್ಟೆ. ರಾಯಚೂರು, ಬಳ್ಳಾರಿ, ವಿಜಯಪುರದವರು ಧಾರಾಳವಾಗಿ ಕೊಳ್ಳಲಿ. ಕರಾವಳಿಯವರು ಆ ದುಡ್ಡನ್ನು ಒಳ್ಳೆಯ ಸೀಲಿಂಗ್ ಫ್ಯಾನಿಗೆ ಹಾಕುವುದು ಮೇಲು. ಹಳೆಯ ಫ್ಯಾನ್ 70-80 ವ್ಯಾಟ್ ತಿಂದರೆ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನ್ 30 ವ್ಯಾಟಿನ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಎಸಿ ಬಂದ ಮೇಲೂ ಇದು ಬೇಕಾಗುತ್ತದೆ.

ಮೊದಲು ಕೋಣೆ ನೋಡಿ

ಹಂಚಿನ ಮನೆಯ ಕೋಣೆಗೆ ನೇರವಾಗಿ ಎಸಿ ಹಾಕಿಸಿದರೆ ಅಂಗಳಕ್ಕೇ ಎಸಿ ಹಾಕಿಸಿದ ಹಾಗೆ. ಹಂಚುಗಳ ಸಂದಿಯಿಂದ ಹೊರಗಿನ ಒದ್ದೆ ಗಾಳಿ ಬರುತ್ತಲೇ ಇರುತ್ತದೆ, ಎಸಿ ನೀರು ಇಳಿಸುತ್ತಲೇ ಇರುತ್ತದೆ. ಕೆಳಗೊಂದು ಸೀಲಿಂಗ್ ಮಾಡಿಸಿ, ಸಂದಿಗಳನ್ನೆಲ್ಲ ಮುಚ್ಚಿಸಿ, ಆಮೇಲೆ ಎಸಿ ಮಾತು. ಟೆರೇಸ್ ಮನೆಯ ಮೇಲಿನ ಮಹಡಿಯಾದರೆ ಇಡೀ ದಿನ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುತ್ತಿರುತ್ತದೆ. ನಮ್ಮ ಕಡೆ ಮಳೆಗೆಂದು ಟೆರೇಸ್ ಮೇಲೆ ಶೀಟು ಹಾಕಿಸುತ್ತಾರಲ್ವಾ, ಅದು ಬಿಸಿಲಿಗೂ ಕೊಡೆ. ಶೀಟಿಗೂ ಸ್ಲ್ಯಾಬಿಗೂ ನಡುವೆ ಗಾಳಿ ಆಡುವಂತೆ ಬದಿಗಳನ್ನು ತೆರೆದೇ ಬಿಡಿ. ಶೀಟಿಗೆ ಅನುಕೂಲವಿಲ್ಲದಿದ್ದರೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಬಳಿಸಿ.

ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ, ಬಾಗಿಲಡಿಗೆ ಬ್ರಷ್ ಪಟ್ಟಿ ಹಾಕಿ. ಕೋಣೆಗೆ ಸೇರಿದ ಬಚ್ಚಲಿದ್ದರೆ ಅದರ ಬಾಗಿಲು ಮುಚ್ಚಿರಲಿ. ಎಸಿ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗಿಸಲೇಬೇಡಿ. ಆ ಬಟ್ಟೆಯ ನೀರನ್ನೆಲ್ಲ ಎಸಿಯೇ ಇಳಿಸಬೇಕು, ಅದರ ಬಿಲ್ ನೀವೇ ಕಟ್ಟಬೇಕು.

ಈಗ ಟನ್ ಲೆಕ್ಕ

ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್ ತಂಪು. 100-120 ಚದರ ಅಡಿಯ ಮಲಗುವ ಕೋಣೆಗೆ ಒಂದು ಟನ್, 150-180ಕ್ಕೆ ಒಂದೂವರೆ ಎನ್ನುವುದು ರೂಢಿಯ ಅಂದಾಜು. ಪಶ್ಚಿಮದ ಬಿಸಿಲು ಬೀಳುವ ಅಥವಾ ಮೇಲಿನ ಮಹಡಿಯ ಕೋಣೆಗೆ ಸ್ವಲ್ಪ ಜಾಸ್ತಿ ಬೇಕು. "ಇರಲಿ ಬಿಡಿ, ದೊಡ್ಡದೇ ಹಾಕಿಸಿ" ಎಂಬ ಸಲಹೆ ಮಾತ್ರ ಕರಾವಳಿಯಲ್ಲಿ ಉಲ್ಟಾ ಹೊಡೆಯುತ್ತದೆ. ಕೋಣೆಗೆ ಮೀರಿದ ಎಸಿ ಹತ್ತೇ ನಿಮಿಷದಲ್ಲಿ ಗಾಳಿ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ನೀರು ಇಳಿಯುವುದು ಎಸಿಯೊಳಗಿನ ತಣ್ಣನೆಯ ಕಾಯಿಲ್ (ಕೊಳವೆಯ ಸುರುಳಿ) ಮೇಲೆ ಗಾಳಿ ಹರಿಯುತ್ತಾ ಇದ್ದರೆ ಮಾತ್ರ. ಕೊನೆಗೆ ಕೋಣೆ ಚಳಿಚಳಿ, ಹಾಸಿಗೆ ಜಿಗುಟು.

ಸೆಕೆಯ ರಾತ್ರಿ ಎಸಿ ಗಂಟೆಗೆ ಒಂದು ಲೀಟರಿನಷ್ಟು ನೀರು ಇಳಿಸುವುದು ಮಾಮೂಲು. ಡ್ರೇನ್ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆ ಒಂದು ಲೀಟರಿಗೇ ಒಂದು ಟನ್ ಎಸಿಯ ತಾಕತ್ತಿನಲ್ಲಿ ಸುಮಾರು ಐದನೇ ಒಂದು ಪಾಲು ಹೋಗುತ್ತದೆ. (ಆ ನೀರಲ್ಲಿ ನೆಲ ಒರೆಸಿ, ಗಿಡಕ್ಕೆ ಹಾಕಿ. ಕುಡಿಯಬೇಡಿ, ಬ್ಯಾಟರಿಗೂ ಹಾಕಬೇಡಿ.)

ಹಾಗಾಗಿ ಇಲ್ಲಿಗೆ ಇನ್‌ವರ್ಟರ್ ಎಸಿಯೇ ಸೂಕ್ತ. ಅದರ ಕಂಪ್ರೆಸರ್ ಪೂರ್ತಿ ನಿಲ್ಲುವ ಬದಲು ನಿಧಾನಕ್ಕೆ ಓಡುತ್ತಿರುತ್ತದೆ. ಸ್ಟಾರ್ ನೋಡುವಾಗ ಲೇಬಲ್ ಮೇಲಿನ ವರ್ಷವನ್ನೂ ನೋಡಿ. ಸ್ಟಾರ್ ನಿಗದಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ಆಗಾಗ ಮಾನದಂಡ ಬಿಗಿ ಮಾಡುವುದರಿಂದ ಹಳೆಯ ಸ್ಟಾಕಿನ ಐದು ಸ್ಟಾರ್ ಇವತ್ತಿನ ನಾಲ್ಕೇ ಆಗಿರಬಹುದು. ಸ್ಟಾರಿಗಿಂತ ನಂಬಬಹುದಾದದ್ದು ಅದೇ ಲೇಬಲ್ಲಿನಲ್ಲಿರುವ ವರ್ಷದ ಯೂನಿಟ್ ಸಂಖ್ಯೆ. ಅದು 1600 ಗಂಟೆಯ ಲೆಕ್ಕ, ಅಂದರೆ ರಾತ್ರಿಗೆ 8 ಗಂಟೆಯಂತೆ 200 ರಾತ್ರಿ. ಎರಡು ಮಾಡೆಲ್‌ಗಳ ಯೂನಿಟ್ ವ್ಯತ್ಯಾಸವನ್ನು ನಿಮ್ಮ ದರದಿಂದ ಗುಣಿಸಿ. ಬೆಲೆಯ ವ್ಯತ್ಯಾಸ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆಂದು ಅಂಗಡಿಯಲ್ಲೇ ನಿಂತು ಹೇಳಬಹುದು. ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕ ಮರೆಯಬಾರದು. ರಾತ್ರಿಗೆ 4-5 ಯೂನಿಟ್ ಎಂದರೂ ತಿಂಗಳಿಗೆ 120-150 ಆಯಿತು. ಮನೆಯ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಕಾಯಿಲ್ ತಾಮ್ರದ್ದೇ ಇರಲಿ, ರಿಪೇರಿ ಸುಲಭ. ಆದರೆ "ಪ್ಯೂರ್ ಕಾಪರ್" ಎಂದ ಮಾತ್ರಕ್ಕೆ ಉಪ್ಪುಗಾಳಿ ಬಿಡುವುದಿಲ್ಲ. ಕೊಳವೆ ತಾಮ್ರವಾದರೂ ಸುತ್ತಲಿನ ತೆಳು ರೆಕ್ಕೆಗಳು ಅಲ್ಯೂಮಿನಿಯಮ್. ಎರಡು ಲೋಹ ತಾಗಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ ಬೇಗ ಸವೆದು ಬಿಳಿ ಪುಡಿಯಾಗಿ ಉದುರುತ್ತದೆ. ಹೊರಗಿನ ಯೂನಿಟ್ಟಿನ ರೆಕ್ಕೆಗಳಿಗೂ ತುಕ್ಕು ತಡೆಯುವ ಲೇಪನ ಇದೆಯಾ ಎಂದು ಕೇಳಿ. ಸಮುದ್ರದ ಉಪ್ಪಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂಬ ಸಾಲು ಕಾರ್ಡಿನಲ್ಲಿದೆಯಾ ಎಂದೂ ಓದಿ. ಗ್ಯಾಸ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಎಸಿಗಳಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ. ಹಳೆಯ ಆರ್-22 ಎಸಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ ಅಷ್ಟೆ.

ಹಾಕಿಸುವ ದಿನ ಮನೆಯಲ್ಲೇ ಇರಿ

ಎಸಿಯ ಆಯಸ್ಸು ನಿರ್ಧಾರವಾಗುವುದು ಈ ಎರಡು ಗಂಟೆಯಲ್ಲಿ. ಕೊಳವೆ ಜೋಡಿಸಿದ ಮೇಲೆ ಅದರೊಳಗಿನ ಗಾಳಿ, ಪಸೆ ಎಲ್ಲವನ್ನೂ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆಯಬೇಕು. ಕನಿಷ್ಠ 15-20 ನಿಮಿಷದ ಕೆಲಸ. ಅವಸರದಲ್ಲಿ ಇರುವವರು ಸ್ವಲ್ಪ ಗ್ಯಾಸ್ ಬಿಟ್ಟು "ಪುಸ್" ಅನ್ನಿಸಿ ಮುಗಿಸಿಬಿಡುತ್ತಾರೆ. ನಮ್ಮ ಗಾಳಿಯಲ್ಲಿ ಪಸೆ ಜಾಸ್ತಿ. ಅದು ಒಳಗೆ ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಮೆಲ್ಲಗೆ ತಿನ್ನುತ್ತದೆ. "ಪಂಪ್ ತಂದಿದ್ದೀರಾ?" ಎಂದು ಫೋನಿನಲ್ಲೇ ಕೇಳಿ.

ಒಳಗಿನ ಯೂನಿಟ್ ಡ್ರೇನ್ ಇರುವ ಬದಿಗೆ ಕೂದಲೆಳೆಯಷ್ಟು ಇಳಿಜಾರಾಗಿರಲಿ. ಪೈಪು ಉದ್ದಕ್ಕೂ ಕೆಳಮುಖವಾಗಿ ಹೋಗಬೇಕು, ನಡುವೆ ಹೊಟ್ಟೆ ಬಿಡಬಾರದು. ಕವರ್ ಮುಚ್ಚುವ ಮುಂಚೆ ಟ್ರೇಗೆ ಒಂದು ಚೊಂಬು ನೀರು ಹೊಯ್ಯಿಸಿ, ಹೊರಗೆ ಅಷ್ಟೂ ಬಂತಾ ನೋಡಿ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಒಳಗೆ ಗಾಳಿ ಸಿಕ್ಕಿಕೊಂಡು ನೀರು ಗೋಡೆಗಿಳಿಯುತ್ತದೆ.

ಹೊರಗಿನ ಯೂನಿಟ್ ಆದಷ್ಟು ಸಮುದ್ರದ ಗಾಳಿಗೆ ಮುಖ ಕೊಡದ ಗೋಡೆಗೆ ಇರಲಿ. ಸ್ಟ್ಯಾಂಡಿಗೆ ಬಣ್ಣ ಬಳಿದ ಕಬ್ಬಿಣ ಬೇಡ, ಗ್ಯಾಲ್ವನೈಸ್ ಮಾಡಿದ್ದನ್ನೇ ಕೇಳಿ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಎರಡನೇ ಮಹಡಿಯಿಂದ ತುಕ್ಕು ಹಿಡಿದ ಸ್ಟ್ಯಾಂಡ್ ಕಳಚಿದರೆ ಕೆಳಗೆ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಬೋಲ್ಟ್‌ಗಳನ್ನು ತಪಾಸಣೆ ಮಾಡಿಸಿ. ಎಸಿಗೆ ಪ್ರತ್ಯೇಕ ಲೈನು, ಎಂಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಏಪ್ರಿಲ್-ಮೇ ಸಂಜೆ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತುಬಿಡಿ.

ಓಡಿಸುವ ಬಗೆ

18 ಡಿಗ್ರಿಗೆ ಇಟ್ಟರೆ ಬೇಗ ತಂಪಾಗುತ್ತದೆ ಎನ್ನುವುದು ಭ್ರಮೆ. ಕರಾವಳಿಯಲ್ಲಿ ಅದರಿಂದ ಇನ್ನೊಂದು ಕೇಡೂ ಇದೆ. ರಾತ್ರಿ ಹೊರಗೆ 28 ಡಿಗ್ರಿ, ತೇವಾಂಶ 85% ಇದ್ದರೆ, 25 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಹನಿ ಕೂರುತ್ತದೆ. ಅತಿಯಾಗಿ ತಂಪಾದ ಕೋಣೆಯ ಕಿಟಕಿ ಗಾಜು ಹೊರಗಿನಿಂದ ಬೆವರುತ್ತದೆ. ಪಕ್ಕದ ಕೋಣೆಯ ಗೋಡೆ, ಅದಕ್ಕೆ ಒತ್ತಿ ನಿಲ್ಲಿಸಿದ ಕಪಾಟಿನ ಬೆನ್ನು ಒದ್ದೆಯಾಗಿ ಕಪ್ಪು ಬೂಷ್ಟು ಹತ್ತುತ್ತದೆ. ಎಷ್ಟೋ ಮನೆಗಳಲ್ಲಿ ಪೈಪ್ ಲೀಕ್ ಅಂದುಕೊಂಡು ಗೋಡೆ ಅಗೆಸುವುದು ಇದಕ್ಕೇ.

25-26ರಲ್ಲಿಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎಂಬುದು ಬಿಇಇ ಲೆಕ್ಕ. 2020ರಿಂದ ಹೊಸ ಎಸಿಗಳು ಆನ್ ಮಾಡಿದೊಡನೆ 24ರಲ್ಲಿ ನಿಲ್ಲುವುದೂ ಬಿಇಇ ನಿಯಮದಿಂದಲೇ. 28ಕ್ಕೆ ಏರಿಸಿದರೆ ಇನ್ನೂ ಉಳಿಯಬೇಕಲ್ಲ ಎಂದರೆ, ಅಲ್ಲಿ ಕಾಯಿಲ್ ಸಾಕಷ್ಟು ತಣ್ಣಗಾಗದೆ ಪಸೆ ಹಾಗೇ ಉಳಿಯುತ್ತದೆ. ಜಿಗುಟು ಅನ್ನಿಸಿದರೆ ಎಸಿಯ ಫ್ಯಾನ್ ವೇಗ ತಗ್ಗಿಸಿ, ಇಲ್ಲವೇ ಡ್ರೈ ಮೋಡಿಗೆ ಹಾಕಿ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ. ಅದು 50-60%ರ ನಡುವೆ ಇದ್ದರೆ ನಿದ್ದೆಯೂ ಸರಿ, ಬೂಷ್ಟೂ ದೂರ.

ನೋಡಿಕೊಳ್ಳುವುದು

ಬಳಸುವ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ನಲ್ಲಿ ನೀರಲ್ಲಿ ಹಿಂಬದಿಯಿಂದ ತೊಳೆಯಿರಿ, ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆ ಫಿಲ್ಟರ್ ವಾಪಸ್ ಹಾಕಿದರೆ ವಾಸನೆ ಗ್ಯಾರಂಟಿ.

ಎಸಿ ಒಳಗಿಂದ ನೀರು ತೊಟ್ಟಿಕ್ಕಿದರೆ ಹತ್ತರಲ್ಲಿ ಒಂಬತ್ತು ಸಲ ಡ್ರೇನ್ ಕಟ್ಟಿಕೊಂಡಿರುತ್ತದೆ. ಟ್ರೇಯಲ್ಲಿ ಧೂಳು, ಪಾಚಿ ಸೇರಿ ಲೋಳೆಯಂಥ ಗಸಿ ಬೆಳೆಯುತ್ತದೆ. ಎಂಸಿಬಿ ಆಫ್ ಮಾಡಿ, ಪೈಪಿನ ಹೊರತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಎಳೆದರೆ ಆ ಗಸಿ ಉಂಡೆಯಾಗಿ ಹೊರಬರುತ್ತದೆ. ನೀರೆಳೆಯುವ ಮಾದರಿಯ ವ್ಯಾಕ್ಯೂಮ್ ಮಾತ್ರ ಬಳಸಿ, ಮಾಮೂಲಿಯದ್ದು ಸುಟ್ಟೀತು. ತಾಮ್ರದ ಕೊಳವೆಯ ಮೇಲಿನ ಕಪ್ಪು ಸ್ಪಂಜು ಹರಿದಿದ್ದರೂ ಅಲ್ಲಿಂದ ಹನಿ ಬೀಳುತ್ತದೆ. ಅದಕ್ಕೆ ಮೆಕ್ಯಾನಿಕ್ ಬೇಡ, ಹೊಸ ಸ್ಪಂಜು ಸುತ್ತಿ ಟೇಪು ಹಾಕಿದರಾಯಿತು.

ಸಮುದ್ರದ ಹತ್ತಿರದವರು ತಿಂಗಳಿಗೊಮ್ಮೆ, ಕರೆಂಟ್ ತೆಗೆದು, ಹೊರಗಿನ ಯೂನಿಟ್ಟಿನ ರೆಕ್ಕೆಗಳಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಿರಿ. ಜೋರಾದ ಜೆಟ್ ಬೇಡ, ರೆಕ್ಕೆ ಮಡಚುತ್ತದೆ. ಯೂನಿಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟುವುದೂ ಬೇಡ. ಮಳೆಗಿಂತ ಒಳಗೆ ಸಿಕ್ಕಿಬಿದ್ದ ಪಸೆಯೇ ಜಾಸ್ತಿ ತುಕ್ಕು ತರಿಸುತ್ತದೆ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಪ್ರತಿ ವರ್ಷ "ಗ್ಯಾಸ್ ಕಡಿಮೆ ಇದೆ" ಎಂದು ತುಂಬಿಸುತ್ತಿದ್ದಾರೆಂದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ನಿಮ್ಮ ಜೇಬು ಸೋರುತ್ತಿದೆ. ಮೊದಲು ಲೀಕ್ ಹುಡುಕಿ ಬೆಸುಗೆ ಹಾಕಲಿ, ಆಮೇಲೆ ತೂಕ ಹಾಕಿ ತುಂಬಲಿ. ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ಗ್ಯಾಸ್ ಕಡಿಮೆ ಇರಬಹುದು ಅಥವಾ ಫಿಲ್ಟರ್ ಕೊಳೆಯಾಗಿರಬಹುದು. ಎರಡನೆಯದನ್ನು ನೀವೇ ನೋಡಿಕೊಂಡು ಆಮೇಲೆ ಫೋನ್ ಮಾಡಿ.

ಮಳೆಗಾಲ ಮತ್ತು ಘಟ್ಟದ ಮೇಲಿನವರು

ಜೂನ್‌ನಲ್ಲಿ ಎಸಿ ನಿಲ್ಲಿಸುವ ಮುಂಚೆ ಎರಡು ಮೂರು ಗಂಟೆ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಒಳಗನ್ನು ಒಣಗಿಸಿ. ಮಳೆಗಾಲದ ಪಸೆಗೆ ಡ್ರೈ ಮೋಡ್ ಆಗುತ್ತದೆ, ಆದರೆ ಕೋಣೆ ಚಳಿಯಾಗುತ್ತದೆ. ಬಟ್ಟೆ, ಪುಸ್ತಕ, ಚರ್ಮದ ಚಪ್ಪಲಿ ಉಳಿಸಿಕೊಳ್ಳಬೇಕೆಂದರೆ ಗಾಳಿಯ ಪಸೆ ಎಳೆದು ನೀರಾಗಿ ಇಳಿಸುವ ಡಿಹ್ಯುಮಿಡಿಫೈಯರ್ ಮೇಲು. ಕಂಪ್ರೆಸರ್ ಇರುವ, ದಿನಕ್ಕೆ 10-12 ಲೀಟರ್ ಅಥವಾ ಮೇಲಿನದ್ದನ್ನು ಕೊಳ್ಳಿ. ಅಂಗೈಯಗಲದ ಅಗ್ಗದ ಪೆಟ್ಟಿಗೆಗಳು ಇಡೀ ದಿನ ಓಡಿ ಒಂದು ಲೋಟ ನೀರು ಇಳಿಸುತ್ತವೆ, ಕಪಾಟಿನೊಳಗೆ ಸರಿ. ಯಾವುದಾದರೊಂದು ಕೋಣೆಯನ್ನು ಬಟ್ಟೆ ಒಣಗಿಸಲೆಂದೇ ಇಟ್ಟು, ಬಾಗಿಲು ಮುಚ್ಚಿ ಅಲ್ಲಿ ಓಡಿಸಿದರೆ ಆಷಾಢದಲ್ಲೂ ಬಟ್ಟೆ ಮುಗ್ಗಲು ನಾರುವುದಿಲ್ಲ.

ಮಡಿಕೇರಿ, ಆಗುಂಬೆ ಕಡೆಯವರಿಗೆ ಬೇಕಾದದ್ದು ಬಿಸಿ. ಅಲ್ಲಿ 20 ಡಿಗ್ರಿಯ, 95% ತೇವಾಂಶದ ಗಾಳಿಯನ್ನು 25ಕ್ಕೆ ಬಿಸಿ ಮಾಡಿದರೆ ತೇವಾಂಶ ತಾನಾಗಿ 70%ಗೆ ಇಳಿಯುತ್ತದೆ. ಇದಕ್ಕೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಒಳ್ಳೆಯದು. 1000 ವ್ಯಾಟಿನಲ್ಲಿ ಒಂದು ಗಂಟೆಗೆ ಒಂದು ಯೂನಿಟ್. ಹೊಸದಾಗಿ ಎಸಿ ಕೊಳ್ಳುವವರು ಬಿಸಿ-ತಂಪು ಎರಡೂ ಮಾಡುವ ಮಾಡೆಲ್ ನೋಡಬಹುದು, ಅದು ಅದೇ ಬಿಸಿಯನ್ನು ಇನ್ನೂ ಕಡಿಮೆ ಕರೆಂಟಿನಲ್ಲಿ ಕೊಡುತ್ತದೆ. ಗ್ಯಾಸ್ ಹೀಟರ್ ಬೇಡ. ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟಿ ಗೋಡೆ ಇನ್ನಷ್ಟು ಒದ್ದೆಯಾಗುತ್ತದೆ. ಕೆಂಡದ ಬಾಂಡ್ಲಿಯನ್ನಂತೂ ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು: ಚಳಿಯೆಂದು ಕಿಂಡಿ ಮುಚ್ಚಬೇಡಿ, ಸಾಧ್ಯವಾದರೆ ಗೀಸರನ್ನೇ ಬಚ್ಚಲಿನ ಹೊರಗೆ ಹಾಕಿಸಿ.