24 ಗಂಟೆ, 1,610 ಕಿ.ಮೀ.: ಬೈಕ್ ಓಡಿಸಿದರೆ ಸಾಲದು, ಬಿಲ್ಲೂ ಬೇಕು

ದಾವಣಗೆರೆಯಿಂದ ಬೆಂಗಳೂರಿಗೆ ಬೈಕಿನಲ್ಲಿ ಹೋಗಿ ಸಂಜೆಗೆ ವಾಪಸ್ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರ ಮೂರು ಪಟ್ಟಿಗಿಂತಲೂ ಜಾಸ್ತಿ ದೂರವನ್ನು ಒಂದೇ ದಿನದಲ್ಲಿ ಓಡಿಸಿ, ಅದಕ್ಕೆ ಸರ್ಟಿಫಿಕೇಟ್ ಪಡೆಯುವ ಹುಚ್ಚೂ ಒಂದಿದೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಕೊಡುವ ಈ ಸರ್ಟಿಫಿಕೇಟಿನ ಹೆಸರು ಸ್ಯಾಡಲ್ ಸೋರ್. ಸಾವಿರ ಮೈಲಿ, ಅಂದರೆ ಸುಮಾರು 1,610 ಕಿ.ಮೀ.ಯನ್ನು 24 ಗಂಟೆಯೊಳಗೆ ಮುಗಿಸಬೇಕು. ಇದು ರೇಸ್ ಅಲ್ಲ. ನೀವು ಎಲ್ಲಿ, ಯಾವಾಗ ಇದ್ದಿರಿ ಅನ್ನುವುದನ್ನು ಪೆಟ್ರೋಲ್ ಬಿಲ್ಲಿನಂಥ ಕಾಗದದಲ್ಲಿ ತೋರಿಸಬೇಕು, ಅಷ್ಟೇ.

ಮೊದಲು ದಾರಿ

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮತ್ತು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ. ಅವೆರಡನ್ನೂ ಮರೆತುಬಿಡಿ. ನನಗೆ ದಕ್ಷಿಣದ ದಾರಿಯೇ ವಾಸಿ ಅನಿಸುತ್ತದೆ: ಹೆದ್ದಾರಿ 48ರಲ್ಲಿ ಬೆಂಗಳೂರು, ಅಲ್ಲಿಂದ ಹೆದ್ದಾರಿ 44ರಲ್ಲಿ ಕೃಷ್ಣಗಿರಿ, ಸೇಲಂ, ಮಧುರೈ ದಾಟಿ ತಿರುನೆಲ್ವೇಲಿ. ಅಲ್ಲಿಂದ ಬಂದ ದಾರಿಯಲ್ಲೇ ವಾಪಸ್. ಒಟ್ಟು ಹತ್ತಿರಹತ್ತಿರ 1,690 ಕಿ.ಮೀ. ಆಗುತ್ತದೆ. ದುರ್ಗದವರಿಗೆ ಹೋಗುತ್ತಾ ಬರುತ್ತಾ ತಲಾ 60 ಕಿ.ಮೀ. ಕಮ್ಮಿ ಬೀಳುವುದರಿಂದ ಅವರು ಕನ್ಯಾಕುಮಾರಿಯವರೆಗೂ ಹೋಗಬೇಕು.

ಎಂಬತ್ತು ಕಿ.ಮೀ. ಹೆಚ್ಚುವರಿ ಯಾಕೆ ಅಂತೀರಾ? ಅಸೋಸಿಯೇಷನ್ ನಿಮ್ಮ ಓಡೋಮೀಟರ್ ನಂಬುವುದಿಲ್ಲ. ಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಅವರು ಒಂದು ಬಿಲ್ಲಿನ ಊರಿನಿಂದ ಇನ್ನೊಂದು ಬಿಲ್ಲಿನ ಊರಿಗೆ ಮ್ಯಾಪ್‌ನಲ್ಲಿ ಹತ್ತಿರದ ದಾರಿ ಅಳೆಯುತ್ತಾರೆ.

ಸಮಯದ ಲೆಕ್ಕ

ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರದ ಮಿತಿ ಗಂಟೆಗೆ 80 ಕಿ.ಮೀ. ಸೂಜಿ 80ರಿಂದ ಕದಲದೆ ನಿಂತರೂ 1,690ಕ್ಕೆ 21 ಗಂಟೆ ಬೇಕು. ಊಟ, ಪೆಟ್ರೋಲ್, ಶೌಚ ಎಲ್ಲಕ್ಕೂ ಸೇರಿ ಮೂರು ಗಂಟೆಯೂ ಉಳಿಯುವುದಿಲ್ಲ. ಹಾಗಾಗಿ ಈ ಸವಾರಿಯಲ್ಲಿ ಗೆಲ್ಲುವುದು ಆಕ್ಸಿಲರೇಟರ್ ತಿರುವಿದವರಲ್ಲ, ಬಂಕಿನಲ್ಲಿ ಹರಟೆ ಹೊಡೆಯದವರು. 12 ಲೀಟರ್ ಟ್ಯಾಂಕು, 30 ಮೈಲೇಜ್ ಇದ್ದರೆ 280 ಕಿ.ಮೀ.ಗೊಮ್ಮೆ ತುಂಬಿಸಿ. ನೀರು ಕುಡಿಯುವುದು, ಚೈನ್ ನೋಡುವುದು ಎಲ್ಲ ಅದೇ ನಿಲುಗಡೆಯಲ್ಲಿ ಮುಗಿಯಲಿ.

ಇನ್ನೊಂದು ತೊಡಕು, ಬೆಂಗಳೂರಿನ ಒಳಗೆ ಹೋಗದೆ ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸೇರಿಸುವ ನೈಸ್ ರಸ್ತೆ. ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಬೈಕಿಗೆ ಪ್ರವೇಶವಿಲ್ಲ. ದಾವಣಗೆರೆಯನ್ನು ರಾತ್ರಿ 1.45ಕ್ಕೆ ಬಿಟ್ಟರೆ ನೈಸ್ ಶುರುವಾಗುವ ಮಾದಾವರಕ್ಕೆ ಬರುವ ಹೊತ್ತಿಗೆ ಗೇಟ್ ತೆರೆದಿರುತ್ತದೆ. ತಿರುನೆಲ್ವೇಲಿಯನ್ನು ಮಧ್ಯಾಹ್ನ 1.30ರೊಳಗೆ ಬಿಟ್ಟರೆ ಮಾತ್ರ ರಾತ್ರಿ 10ಕ್ಕೆ ಮುಂಚೆ ಮತ್ತೆ ನೈಸ್ ಹತ್ತಬಹುದು. ತಪ್ಪಿದರೆ ಹೊರ ವರ್ತುಲ ರಸ್ತೆಯೇ ಗತಿ. ಧರ್ಮಪುರಿ–ಸೇಲಂ ನಡುವಿನ ತೊಪ್ಪೂರು ಘಾಟಿಯಲ್ಲಿ ಮಾತ್ರ ಆತುರ ಬೇಡ. ಇಳಿಜಾರಿನಲ್ಲಿ ಲಾರಿಗಳ ಬ್ರೇಕ್ ಕೈಕೊಡುವ ಜಾಗ ಅದು.

ಬಿಲ್ಲು, ಬಿಲ್ಲು, ಬಿಲ್ಲು

ಹೆಚ್ಚಿನವರು ಎಡವುವುದು ಇಲ್ಲೇ. ಗಡಿಯಾರ ಶುರುವಾಗುವುದು ಮೊದಲ ಪೆಟ್ರೋಲ್ ಬಿಲ್ಲಿನ ಸಮಯದಿಂದ. ಮುಗಿಯುವುದು ಕೊನೆಯ ಬಿಲ್ಲಿನಲ್ಲಿ. ಕಾರಿನವರಾದರೆ ಟೋಲ್ ದಾಖಲೆ ತೋರಿಸಬಹುದು. ನಮಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ಇಲ್ಲ. ಹೆಬ್ಬಾಳು, ಗುಯಿಲಾಳು ಟೋಲ್‌ಗಳಲ್ಲಿ ಪಕ್ಕದ ಸಂದಿಯಲ್ಲಿ ನುಸುಳಿ ಹೋಗುತ್ತೇವೆ, ಅಲ್ವಾ? ಅಲ್ಲಿಗೆ ಆ ಸಾಕ್ಷಿ ಹೋಯಿತು. ನೈಸ್‌ನಲ್ಲಿ ಬೈಕಿಗೂ ದುಡ್ಡು ಕೊಡಬೇಕು. ಆ ಚೀಟಿ ಎಸೆಯಬೇಡಿ.

ಬಿಲ್ಲಿನಲ್ಲಿ ಬಂಕಿನ ಹೆಸರು, ಊರು, ದಿನಾಂಕ, ಸಮಯ ನಾಲ್ಕೂ ಅಚ್ಚಾಗಿರಬೇಕು. ಕೈಯಲ್ಲಿ ಬರೆದದ್ದು ಬೇಡ. ಫೋನ್‌ಪೇ ಸ್ಕ್ರೀನ್‌ಶಾಟ್ ಕೂಡ ಸಾಲದು, ನೀವು ಯಾವ ಊರಲ್ಲಿ ನಿಂತಿದ್ದಿರಿ ಅಂತ ಅದು ಹೇಳುವುದಿಲ್ಲ. ಬಂಕಿನ ಹುಡುಗ "ಪೇಪರ್ ರೋಲ್ ಖಾಲಿ ಸಾರ್" ಅಂದರೆ ಸುಮ್ನೆ ವಾದ ಬೇಡ. ಪಕ್ಕದ ಎಟಿಎಂನಲ್ಲಿ ನೂರು ರೂಪಾಯಿ ತೆಗೆದು ಚೀಟಿ ಇಟ್ಟುಕೊಳ್ಳಿ. ಕೆಲವು ಮಷಿನ್‌ಗಳ ಗಡಿಯಾರವೇ ತಪ್ಪಿರುತ್ತದೆ. ಹೊರಡುವ ಬಂಕಿಗೆ ಹಿಂದಿನ ದಿನವೇ ಹೋಗಿ ಒಂದು ಬಿಲ್ ತೆಗೆಸಿ ನೋಡಿ. ಮಧ್ಯರಾತ್ರಿ ತೆರೆದಿರುತ್ತದಾ ಅಂತಲೂ ಕೇಳಿ.

ಬಿಲ್ ಕೈಗೆ ಬಂದ ತಕ್ಷಣ ಅದನ್ನು ಓಡೋಮೀಟರ್ ಪಕ್ಕ ಹಿಡಿದು ಫೋಟೋ ತೆಗೆಯಿರಿ. ಥರ್ಮಲ್ ಕಾಗದ ಬಿಸಿಲಿಗೆ, ಬೆವರಿಗೆ ಬೇಗ ಕೆಡುತ್ತದೆ. ಆಮೇಲೆ ಕವರಿಗೆ ಹಾಕಿ. ಪುಟ್ಟ ನೋಟ್‌ಬುಕ್ಕಿನಲ್ಲಿ ಸಮಯ, ಊರು, ಮೀಟರ್ ಸಂಖ್ಯೆ, ಲೀಟರ್ ಬರೆದುಕೊಳ್ಳಿ. ತಿರುನೆಲ್ವೇಲಿಯ ಬಿಲ್ ಯಾವ ಕಾರಣಕ್ಕೂ ತಪ್ಪಬಾರದು. ಅದಿಲ್ಲದಿದ್ದರೆ ನೀವು ಮಧುರೈಯಿಂದಲೇ ತಿರುಗಿದ್ದೀರಿ ಅಂತ ಲೆಕ್ಕ. ಜಿಪಿಎಸ್ ಟ್ರ್ಯಾಕ್ ಇದ್ದರೆ ಒಳ್ಳೆಯದೇ, ಆದರೆ ಬಿಲ್ಲಿನ ಜಾಗಕ್ಕೆ ಅದನ್ನು ನಂಬಿ ಕೂರಬೇಡಿ. ಹೊರಡುವಾಗ, ಮುಗಿಸಿದಾಗ ಗೊತ್ತಿರುವವರಿಂದ ಸಾಕ್ಷಿ ಸಹಿ ಹಾಕಿಸಿಕೊಂಡರೆ ಇನ್ನೂ ಗಟ್ಟಿ.

ಮೈ, ಬೈಕು

ಹೊಸ ಸೀಟು, ಹೊಸ ಟೈರು, ಹೊಸ ಲೈಟು ಏನೇ ಇದ್ದರೂ ಎರಡು ವಾರ ಮೊದಲೇ ಹಾಕಿಸಿ, ಓಡಿಸಿ ನೋಡಿ. ಹಿಂದಿನ ಸಂಜೆ ಆರಕ್ಕೇ ಮಲಗಿ. ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ ವಾಪಸ್ ಬಂದ ಮೇಲೆ. ಅಪಾಯದ ತುಂಡು ಕೊನೆಯದು: ಶಿರಾ ದಾಟಿ ಹಿರಿಯೂರಿನ ಕಡೆ ಬರುವಾಗ ನಡುರಾತ್ರಿ, ರಸ್ತೆ ನೇರ, ಮನೆ ಹತ್ತಿರ. ಕಣ್ಣು ಎಳೆಯುವುದು ಆಗಲೇ. ಹಿಂದಿನ ಎರಡು ಕಿಲೋಮೀಟರ್ ನೆನಪಾಗದಿದ್ದರೆ ಢಾಬಾದಲ್ಲಿ ನಿಲ್ಲಿಸಿ ಮಲಗಿಬಿಡಿ. ಸರ್ಟಿಫಿಕೇಟ್ ಹೋದರೆ ಹೋಗಲಿ, ಮುಂದಿನ ತಿಂಗಳು ನೋಡಿಕೊಳ್ಳಬಹುದು.

ಮುಗಿಸಿದ ಮೇಲೆ ಮೊದಲು ದಾವಣಗೆರೆಯ ಬಂಕಿನಲ್ಲಿ ಕೊನೆಯ ಬಿಲ್ ತೆಗೆಸಿ, ಮನೆ ಆಮೇಲೆ. ಎಲ್ಲ ಬಿಲ್ಲುಗಳಿಗೆ ನಂಬರ್ ಹಾಕಿ ಸ್ಕ್ಯಾನ್ ಮಾಡಿ. ನೋಟ್‌ಬುಕ್ಕಿನ ಲಾಗ್, ಮ್ಯಾಪ್ ಜೊತೆ ಅಸೋಸಿಯೇಷನ್‌ಗೆ ಅರ್ಜಿ ಕಳಿಸಿ. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಪ್ರಶ್ನೆಗಳೂ ಬರಬಹುದು. ಉತ್ತರ ಬರುವವರೆಗೆ ಮೂಲ ಬಿಲ್ಲುಗಳ ಕವರನ್ನು ಮನೆಯವರು ರದ್ದಿಗೆ ಹಾಕದಂತೆ ನೋಡಿಕೊಳ್ಳಿ.