‘ದ ಮ್ಯೂಸಿಕ್ ಮ್ಯಾನ್’ ಎರಡನೆಯ ಸಲ ನೋಡುವಾಗ ಕಿವಿ ಎಲ್ಲಿರಬೇಕು?

ಬದಿಯಡ್ಕದ ಹತ್ತಿರ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು ನಾನು. ಬೇಸಗೆ ರಜೆಯಲ್ಲಿ ದೊಡ್ಡ ಮಕ್ಕಳನ್ನು ಕೂರಿಸಿಕೊಂಡು 1962ರ ‘ದ ಮ್ಯೂಸಿಕ್ ಮ್ಯಾನ್’ ಸಿನಿಮಾ ಹಾಕುವುದುಂಟು. ಕಥೆಗಾದರೆ ಒಂದು ಸಲ ಸಾಕು. 1912ರ ಕಾಲ, ಅಮೆರಿಕದ ಅಯೋವಾ ರಾಜ್ಯದ ರಿವರ್ ಸಿಟಿ ಎಂಬ ಕಲ್ಪಿತ ಪೇಟೆ. ಹೆರಾಲ್ಡ್ ಹಿಲ್ ಎಂಬವನು ಬಂದು, ಮಕ್ಕಳ ಬ್ಯಾಂಡ್ ಕಟ್ಟುತ್ತೇನೆಂದು ನಂಬಿಸಿ ವಾದ್ಯಕ್ಕೂ ಸಮವಸ್ತ್ರಕ್ಕೂ ಹಣ ಎತ್ತುತ್ತಾನೆ. ಅವನಿಗೆ ಸ್ವರಲಿಪಿ ಓದಲೂ ಬರುವುದಿಲ್ಲ. ಇಷ್ಟು ಗೊತ್ತಾದ ಮೇಲೆ, ಎರಡನೆಯ ಸಲ ಕಥೆಯನ್ನು ಬಿಟ್ಟು ಹಾಡಿನ ಹಿಂದೆ ಹೋಗಬೇಕು.

ಮೊದಲ ದೃಶ್ಯಕ್ಕೆ ಸಬ್‌ಟೈಟಲ್ ತೆಗೆದುಬಿಡಿ. ರೈಲಿನಲ್ಲಿ ಕೂತ ವ್ಯಾಪಾರಿಗಳು ಮಾತಾಡುತ್ತಾರೆ. ವಾದ್ಯವೂ ಇಲ್ಲ, ರಾಗವೂ ಇಲ್ಲ. ಮಾತೇ ಗಾಲಿಯ ಸದ್ದಾಗಿ ನಿಧಾನಕ್ಕೆ ಹೊರಟು, ವೇಗ ಹಿಡಿದು, ನಿಲ್ದಾಣ ಬಂದಾಗ ಇಳಿಯುತ್ತದೆ. ಮಕ್ಕಳಿಗೆ ತೊಡೆಯ ಮೇಲೆ ತಾಳ ಹಾಕಲು ಹೇಳಿ. ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬಂದವರಿಗೆ ಬೇರೆ ವಿವರಣೆ ಬೇಡ.

ಹಿಲ್‌ನ ಮೊದಲ ದೊಡ್ಡ ಭಾಷಣಕ್ಕೆ ಸಬ್‌ಟೈಟಲ್ ಬೇಕೇ ಬೇಕು. ಪೇಟೆಗೆ ಹೊಸದಾಗಿ ಒಂದು ಪೂಲ್ ಟೇಬಲ್ (ಕೋಲಿನಿಂದ ಚೆಂಡು ತಳ್ಳಿ ಆಡುವ ಮೇಜು) ಬಂದಿದೆ, ಅದರಿಂದ ಹುಡುಗರು ಕೆಟ್ಟುಹೋಗುತ್ತಾರೆ ಎಂದು ಹೆದರಿಸುತ್ತಾನೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಎದುರಿನವನನ್ನು ಮಾತಿನಲ್ಲೇ ಕಟ್ಟಿಹಾಕುವಂತೆ, ಪ್ರಶ್ನೆ ತಾನೇ ಎತ್ತಿ ಉತ್ತರವನ್ನೂ ತಾನೇ ಕೊಡುತ್ತಾನೆ. ಜನ ಅವನ ಮಾತನ್ನೇ ತಿರುಗಿ ಹೇಳತೊಡಗುತ್ತಾರೆ. ಭಯ ಮೊದಲು, ಬ್ಯಾಂಡ್ ಆಮೇಲೆ. ಸಿನಿಮಾದಲ್ಲಿ ಹಿಲ್ ಆದವರು ರಾಬರ್ಟ್ ಪ್ರೆಸ್ಟನ್; 1957ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲೂ ಹಿಲ್ ಆಗಿದ್ದವರು ಇವರೇ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದು ಗಮನಿಸಿ. ಹಾಡುವವರಿಗೆ ಅದೇ ಒಂದು ಪಾಠ.

ಈಗ ನಾನು ಮುಖ್ಯವೆಂದುಕೊಂಡ ಜಾಗ. ಗ್ರಂಥಪಾಲಕಿ ಮರಿಯನ್ (ಶರ್ಲಿ ಜೋನ್ಸ್) ರಾತ್ರಿ ‘ಗುಡ್‌ನೈಟ್ ಮೈ ಸಮ್‌ವನ್’ ಹಾಡುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಹಿಲ್ ‘ಸೆವೆಂಟಿ ಸಿಕ್ಸ್ ಟ್ರೊಂಬೋನ್ಸ್’ ಎತ್ತಿಕೊಳ್ಳುತ್ತಾನೆ. ಎರಡರ ಧಾಟಿಯೂ ಒಂದೇ! ಅವಳದು ವಿಳಂಬದ ವಾಲ್ಟ್ಸ್ (ಮೂರೆಣಿಕೆಯ ನೃತ್ಯಧಾಟಿ), ಇವನದು ದ್ರುತದ ಮಾರ್ಚ್ (ಹೆಜ್ಜೆ ಹಾಕಿ ನಡೆಯುವ ಬ್ಯಾಂಡಿನ ಧಾಟಿ). ಸಿನಿಮಾ ನಿಲ್ಲಿಸಿ, ಮಾರ್ಚನ್ನು ಪದ ಬಿಟ್ಟು ಮೆಲ್ಲಗೆ ಗುನುಗಿದರೆ ಜೋಗುಳ ಬಿಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಬರೆದ ಮೆರೆಡಿತ್ ವಿಲ್ಸನ್ ಅಯೋವಾದ ಮೇಸನ್ ಸಿಟಿಯವರು, ಮಾರ್ಚ್‌ಗಳಿಗೆ ಹೆಸರಾದ ಅಮೆರಿಕದ ಸಂಗೀತಕಾರ ಸೂಸಾ ಅವರ ಪ್ರಸಿದ್ಧ ಬ್ಯಾಂಡಿನಲ್ಲಿ ಕೊಳಲು ನುಡಿಸಿದವರು. ಮಾರ್ಚ್ ಅವರಿಗೆ ಕರತಲಾಮಲಕ. ಕೊನೆಯ ಭಾಗದಲ್ಲಿ ಇಬ್ಬರೂ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುತ್ತಾರೆ. ಮೋಸಗಾರ ಇದ್ದಕ್ಕಿದ್ದಂತೆ ಬದಲಾದನೆಂದು ಮೊದಲ ಸಲ ಅನಿಸಿದವರು ಇಲ್ಲಿ ಕಿವಿಗೊಡಲಿ. ಒಂದಾಗುವ ಸೂಚನೆ ರಾಗದಲ್ಲಿ ಆಗಲೇ ಇತ್ತು.

ಸಿನಿಮಾ 151 ನಿಮಿಷದ್ದು. ಎರಡು ಸಂಜೆಗೆ ಹಂಚಿಕೊಳ್ಳಿ. ವಾದ್ಯಗಳ ಬಂಡಿ ಬರುವಲ್ಲಿ ನಿಲ್ಲಿಸುವುದು ಒಳ್ಳೆಯದು. ಹಿಲ್ ತಾನು 1905ರಲ್ಲಿ ಗ್ಯಾರಿ ನಗರದ ಸಂಗೀತಶಾಲೆಯಿಂದ ಹೊರಬಂದವನು ಎನ್ನುತ್ತಾನೆ. ಆ ನಗರ ಹುಟ್ಟಿದ್ದೇ 1906ರಲ್ಲಿ. ಮರಿಯನ್ ಪುಸ್ತಕದಲ್ಲಿ ಸುಳ್ಳನ್ನು ಹಿಡಿದಿದ್ದಾಳೆ. ಅಷ್ಟರಲ್ಲಿ, ಉಚ್ಚಾರದ ತೊಂದರೆಗೆ ನಾಚಿ ಬಾಯಿಬಿಡದಿದ್ದ ತಮ್ಮ ವಿಂತ್ರಾಪ್, ಕಾರ್ನೆಟ್ (ತುತ್ತೂರಿಯಂಥ ಹಿತ್ತಾಳೆ ವಾದ್ಯ) ಕೈಗೆ ಬಂದ ಸಂತೋಷದಲ್ಲಿ ಮಾತಾಡಿಬಿಡುತ್ತಾನೆ. ಅಕ್ಕ ಆ ಪುಟವನ್ನೇ ಹರಿದುಹಾಕುತ್ತಾಳೆ. (ಆ ಹುಡುಗ ರಾನ್ ಹೊವರ್ಡ್, ಮುಂದೆ ಹೆಸರಾಂತ ನಿರ್ದೇಶಕ.)

ಎರಡನೆಯ ಸಂಜೆ ಹಿಲ್‌ನ ‘ಯೋಚನಾ ಪದ್ಧತಿ’ಯ ಬಗ್ಗೆ ಮಕ್ಕಳ ಹತ್ತಿರ ಚರ್ಚೆ ಮಾಡಿ. ಮನಸ್ಸಿನಲ್ಲಿ ರಾಗ ನೆನೆದರೆ ವಾದ್ಯ ತಾನಾಗಿ ನುಡಿಯುತ್ತದಂತೆ. ಮೊದಲು ಒಳಗೆ ಹಾಡಿಕೊಳ್ಳಿ ಎಂದು ನಾನೂ ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಬೆಳಗಿನ ಸರಳೆ ವರಸೆ, ಜಂಟಿ ವರಸೆ ಇರುತ್ತದೆ. ಅವನು ಆ ಅರ್ಧ ಸತ್ಯವನ್ನು ಮಾತ್ರ ಮಾರಿದ.

ಕೊನೆಗೆ ಬ್ಯಾಂಡ್ ನುಡಿಯುವಾಗ ಶ್ರುತಿಯೂ ಇಲ್ಲ, ಲಯವೂ ಇಲ್ಲ. ಆಗ ವಾದ್ಯ ನೋಡಬೇಡಿ, ತಂದೆತಾಯಿಯರ ಮುಖ ನೋಡಿ. ಆ ಮುಖಗಳನ್ನು ನಾನು ನಮ್ಮ ದೇವಸ್ಥಾನದ ಜಾತ್ರೆಯ ಸ್ಟೇಜಿನೆದುರು ಪ್ರತಿ ವರ್ಷ ಕಾಣುತ್ತೇನೆ. ಆ ಸಂತೋಷ ನಿಜವಾದದ್ದು.

ಮುಗಿದ ಮೇಲೆ ಮರಿಯನ್ ಹಾಡಿದ ‘ಟಿಲ್ ದೇರ್ ವಾಸ್ ಯು’ ಇನ್ನೊಮ್ಮೆ ಕೇಳಿಸಿ, ಬೆನ್ನಿಗೇ 1963ರಲ್ಲಿ ಬೀಟಲ್ಸ್ ಹಾಡಿದ ಅದೇ ಹಾಡನ್ನು ಹಾಕಿ. ಏನು ಬದಲಾಯಿತೆಂದು ಮಕ್ಕಳೇ ಹೇಳಲಿ.