ದೀಪ ಉರಿದದ್ದು ಕ್ಲೋರಿನ್ ಯಂತ್ರದಲ್ಲಿ, ದೋಷ ಇದ್ದದ್ದು ಪಂಪಿನಲ್ಲಿ

ಮೊದಲು ಗಮನಿಸಿದ್ದು ನನ್ನ ಮಗಳು. ಈಜುಕೊಳದ ಗೋಡೆಯಲ್ಲಿ ನೀರು ವಾಪಸ್ ಬರುವ ಬಾಯಿ ಇರುತ್ತದಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಅವಳಿಗೆ ಇಷ್ಟ. "ಅಪ್ಪಾ, ಇವತ್ತು ನೀರು ತಳ್ತಾನೇ ಇಲ್ಲ" ಅಂದಳು. ಕೈ ಇಟ್ಟು ನೋಡಿದೆ. ಬೇರೆ ದಿನ ಅಂಗೈಯನ್ನೇ ನೂಕುತ್ತಿದ್ದ ನೀರು ಅವತ್ತು ಸುಮ್ನೆ ಸವರಿಕೊಂಡು ಹೋಗುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಕ್ಲೋರಿನ್ ಯಂತ್ರದ ಡಬ್ಬಿಯಲ್ಲಿ ಕೆಂಪು ದೀಪ ಬಂತು. ಹರಿವು ಸಾಲದು ಅಂತ.

ದೀಪ ಉರಿದದ್ದು ಆ ಡಬ್ಬಿಯಲ್ಲಿ. ಹಾಗಾಗಿ ನಾನೂ ಮೊದಲು ಬಿಚ್ಚಿದ್ದು ಅದಕ್ಕೆ ಸೇರಿದ ಸೆಲ್ಲನ್ನೇ, ಅಂದರೆ ನೀರು ಹಾದುಹೋಗುವಾಗ ಕ್ಲೋರಿನ್ ತಯಾರಾಗುವ ಭಾಗವನ್ನೇ. ಅರ್ಧ ದಿನ ಅಲ್ಲೇ ಹೋಯಿತು. ನಿಮ್ಮ ಅರ್ಧ ದಿನ ಉಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಉಪ್ಪುನೀರಿನ ಕೊಳ ಅಂದರೆ ಕ್ಲೋರಿನ್ ಇಲ್ಲದ ಕೊಳ ಅಲ್ಲ. ಲೀಟರಿಗೆ ಸುಮಾರು 3 ಗ್ರಾಂ ಉಪ್ಪು ಇರುತ್ತದೆ. ಸಮುದ್ರದ ನೀರಲ್ಲಿ 35 ಗ್ರಾಂ ಇರುತ್ತದೆ, ಅದರ ಹತ್ತನೇ ಒಂದು ಪಾಲೂ ಇಲ್ಲ. ಸೆಲ್ ಒಳಗಿನ ಟೈಟಾನಿಯಂ ತಗಡುಗಳ ನಡುವೆ ಕರೆಂಟ್ ಹರಿದು ಆ ಉಪ್ಪಿನಿಂದಲೇ ಕ್ಲೋರಿನ್ ಆಗುತ್ತದೆ. ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ನೀರು ಓಡುತ್ತಿದ್ದರೆ ಅದು ಕೊಚ್ಚಿಕೊಂಡು ಹೋಗುತ್ತದೆ. ನೀರು ನಿಂತರೆ ಅಲ್ಲೇ ಸೇರಿಕೊಂಡು ಸಿಡಿಯುವ ಅಪಾಯ ಇದೆ. ಅದನ್ನು ತಡೆಯಲಿಕ್ಕೇ ಫ್ಲೋ ಸ್ವಿಚ್ ಇರುವುದು. ಹರಿವು ಕಡಿಮೆಯಾದರೆ ಅದು ಸೆಲ್ಲಿಗೆ ಕರೆಂಟ್ ನಿಲ್ಲಿಸುತ್ತದೆ. ತಂತಿ ಸೇರಿಸಿ ಆ ಸ್ವಿಚ್ಚನ್ನು ದಾಟಿಸುವ ಯೋಚನೆ ದಯವಿಟ್ಟು ಮಾಡಬೇಡಿ.

ಸೆಲ್ ಬೆಳಕಿಗೆ ಹಿಡಿದು ನೋಡಿದರೆ ತಗಡುಗಳು ಸ್ವಚ್ಛವಾಗಿದ್ದವು. ಬಿಳಿ ಸುಣ್ಣದ ಪೊರೆ ಕಟ್ಟಿದ್ದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ ತೊಳೆಯಬಹುದು. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರು ಸುರಿಯಬಾರದು. ಪೊರೆ ಇಲ್ಲದಿದ್ದರೆ ತೊಳೆಯಲೇಬೇಡಿ, ತಗಡಿನ ಲೇಪನ ಸವೆದು ಸೆಲ್ಲಿನ ಆಯಸ್ಸು ಕಡಿಮೆಯಾಗುತ್ತದೆ. ಫ್ಲೋ ಸ್ವಿಚ್ಚಿನ ಎಲೆಯಂಥ ತುಂಡನ್ನು ಬೆರಳಲ್ಲಿ ಆಡಿಸಿದೆ. ಸಲೀಸಾಗಿ ಆಡಿತು. ಅಂದರೆ ಸ್ವಿಚ್ ಹೇಳುತ್ತಿದ್ದದ್ದು ನಿಜ. ನೀರೇ ಬರುತ್ತಿರಲಿಲ್ಲ.

ಆಮೇಲೆ ಫಿಲ್ಟರಿನ ತಲೆಯ ಮೇಲಿನ ಪ್ರೆಶರ್ ಗೇಜ್ ನೋಡಿದೆ. ಮೊದಲೇ ನೋಡಬೇಕಾಗಿದ್ದದ್ದು ಅದನ್ನೇ. ಫಿಲ್ಟರ್ ತೊಳೆದ ದಿನ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟಿದ್ದೆ. ನಮ್ಮದು 14 ಪಿಎಸ್‌ಐ. ಅವತ್ತು ಮುಳ್ಳು 7ರಲ್ಲಿತ್ತು.

ಇಲ್ಲಿಂದ ಹುಡುಕಾಟ ಅರ್ಧಕ್ಕರ್ಧ ಇಳಿಯಿತು. ಹರಿವು ಕಡಿಮೆ, ಪ್ರೆಶರ್ ಜಾಸ್ತಿ ಅಂದರೆ ಅಡ್ಡಿ ಪಂಪು ದಾಟಿದ ಮೇಲೆ ಇದೆ: ಕಟ್ಟಿಕೊಂಡ ಫಿಲ್ಟರ್, ಅರ್ಧ ಮುಚ್ಚಿದ ವಾಲ್ವ್, ಕಸ ಸಿಕ್ಕಿಕೊಂಡ ಸೆಲ್. ಗೆರೆಗಿಂತ 8ರಿಂದ 10 ಪಿಎಸ್‌ಐ ಏರಿದ್ದರೆ ಫಿಲ್ಟರ್ ತೊಳೆಯುವ ಹೊತ್ತು ಬಂತು ಅಂತ ಲೆಕ್ಕ. ಹರಿವೂ ಕಡಿಮೆ, ಪ್ರೆಶರ್ರೂ ಕಡಿಮೆ ಅಂದರೆ ದೋಷ ಪಂಪಿಗೆ ನೀರು ಬರುವ ದಾರಿಯಲ್ಲಿ, ಇಲ್ಲವೇ ಪಂಪಿನ ಒಳಗೇ ಇದೆ.

ಕೊಳದ ಮೇಲ್ಭಾಗದ ನೀರನ್ನೂ ಕಸವನ್ನೂ ಎಳೆದುಕೊಳ್ಳುವ ಗೋಡೆಯ ಕಿಂಡಿಗೆ ಸ್ಕಿಮ್ಮರ್ ಅನ್ನುತ್ತಾರೆ. ನೀರಿನ ಮಟ್ಟ ಅದರ ಬಾಯಿಯ ಅರ್ಧಕ್ಕಿತ್ತು, ಸರಿಯಾಗಿಯೇ ಇತ್ತು. ಸ್ಕಿಮ್ಮರ್ ಬುಟ್ಟಿ ಖಾಲಿ. ಪಂಪಿನ ಬುಟ್ಟಿಯಲ್ಲಿ ನಾಲ್ಕು ಎಲೆ. ಆದರೆ ಪಂಪು ಓಡುತ್ತಿರುವಾಗ ಅದರ ಗಾಜಿನಂಥ ಮುಚ್ಚಳದ ಕೆಳಗೆ ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ಪಂಪು ಎಲ್ಲಿಂದಲೋ ಗಾಳಿ ಎಳೆಯುತ್ತಿತ್ತು. ಒಂದು ಚೊಂಬು ನೀರು ತಂದು ಮುಚ್ಚಳದ ಅಂಚಿನ ಸುತ್ತ ನಿಧಾನಕ್ಕೆ ಸುರಿದೆ. ಒಂದು ಕಡೆ ಸುರಿದಾಗ ಗುಳ್ಳೆ ಥಟ್ಟನೆ ನಿಂತಿತು. ನೀರು ಇಳಿದುಹೋದ ಮೇಲೆ ಮತ್ತೆ ಶುರುವಾಯಿತು. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು, ನನಗಂತೂ ತುಂಬಾ ಇಷ್ಟ.

ಪಂಪು ಆಫ್ ಮಾಡಿ ಮುಚ್ಚಳ ತೆಗೆದೆ. ರಬ್ಬರಿನ ಓ-ರಿಂಗ್ ಒಂದು ಕಡೆ ಚಪ್ಪಟೆಯಾಗಿತ್ತು, ಅದರ ಕೆಳಗೆ ಮರಳಿನ ಒಂದು ಕಾಳು ಕೂತಿತ್ತು. ಹೊಸ ರಿಂಗ್ ಹಾಕಿ, ಸಿಲಿಕೋನ್ ಗ್ರೀಸ್ ಸವರಿದೆ. ವ್ಯಾಸಲೀನ್ ಸವರಬೇಡಿ, ರಬ್ಬರ್ ಉಬ್ಬಿ ಹಾಳಾಗಬಹುದು. ಗುಳ್ಳೆ ಪೂರ್ತಿ ನಿಂತವು. ಮುಳ್ಳು 9ಕ್ಕೆ ಬಂತು. ಅಲ್ಲಿಗೇ ನಿಂತಿತು.

ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ಬಿಡುವ ಆಸೆ ಆಗುತ್ತದೆ, ಅಲ್ವಾ? ನನಗೂ ಆಯಿತು. ಆದರೆ ಗೆರೆ ಇದ್ದದ್ದು 14ರಲ್ಲಿ.

ಸ್ಕಿಮ್ಮರ್ ಕಡೆಯ ವಾಲ್ವ್ ಮುಚ್ಚಿ ತಳದ ಪೈಪಿನಿಂದ ಮಾತ್ರ ಎಳೆಸಿದೆ. ಆಮೇಲೆ ಅದನ್ನು ಮುಚ್ಚಿ ಸ್ಕಿಮ್ಮರ್ ಒಂದರಿಂದಲೇ ಎಳೆಸಿದೆ. ಎರಡರಲ್ಲೂ ಅಷ್ಟೇ ಹರಿವು. ಎರಡು ಪೈಪೂ ಒಟ್ಟಿಗೆ ಒಂದೇ ಸಮನೆ ಕಟ್ಟಿಕೊಳ್ಳುವುದು ಅಪರೂಪ. ಇನ್ನು ಉಳಿದದ್ದು ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರನ್ನು ಎಸೆಯುವ ಚಕ್ರ.

ಸ್ವಿಚ್ ಆಫ್ ಮಾಡಿದರೆ ಸಾಲದು ಅಂತ ಬ್ರೇಕರನ್ನೇ ಇಳಿಸಿದೆ. ಟೈಮರಿನಿಂದ ಪಂಪು ತಾನಾಗೇ ಶುರುವಾದರೆ ಬೆರಳು ಉಳಿಯುವುದಿಲ್ಲ. ಬುಟ್ಟಿ ಎತ್ತಿ, ಅದರ ಹಿಂದಿನ ತೂತಿನೊಳಗೆ ಎರಡು ಬೆರಳು ತೂರಿಸಿದೆ. ಚಕ್ರದ ಕಣ್ಣಿನಲ್ಲಿ ಏನೋ ಮೆತ್ತಗೆ ಸಿಕ್ಕಿತು. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆ. ಮೊದಲು ಉದ್ದ ಕೂದಲಿನ ಒಂದು ಸಿಕ್ಕು ಬಂತು. ಅದರೊಳಗೆ ಎಲೆಯ ಕಡ್ಡಿಗಳು ಹೆಣೆದುಕೊಂಡಿದ್ದವು. ಆಮೇಲೆ ಸಣ್ಣ ಬೀಜಗಳು, ಒಂದೊಂದಾಗಿ ಹನ್ನೊಂದು. ಚಕ್ರದ ರೆಕ್ಕೆಗಳ ನಡುವಿನ ಸಂದು ಬಹಳ ಕಿರಿದು. ಇಷ್ಟು ಸಾಕು ನೀರನ್ನು ತಡೆಯಲಿಕ್ಕೆ.

ಬುಟ್ಟಿ ಕೂರಿಸಿ, ಒಳಗೆ ನೀರು ತುಂಬಿ, ಮುಚ್ಚಳ ಬಿಗಿದು, ಪಂಪು ಹಾಕಿದೆ. ಒಂದು ನಿಮಿಷದೊಳಗೆ ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಕೆಂಪು ದೀಪವೂ ಹೋಯಿತು.

ದೀಪ ಉರಿಯುತ್ತಿದ್ದ ಆ ಎರಡು ದಿನ ಸೆಲ್ ಕ್ಲೋರಿನ್ ಮಾಡಿರಲಿಲ್ಲ. ನೀರು ಹಸಿರಾಗದಿರಲಿ ಅಂತ ಸಂಜೆ ದ್ರವ ಕ್ಲೋರಿನ್ ಅಳೆದು ಹಾಕುತ್ತಿದ್ದೆ. ಉಪ್ಪು ಮಾತ್ರ ಹೊಸದಾಗಿ ಹಾಕಲಿಲ್ಲ. ಉಪ್ಪು ಆವಿಯಾಗಿ ಹೋಗುವ ವಸ್ತು ಅಲ್ಲ, ಅಳೆದು ನೋಡದೆ ಸುರಿದರೆ ಜಾಸ್ತಿಯಾದದ್ದನ್ನು ತೆಗೆಯಲಿಕ್ಕೆ ನೀರನ್ನೇ ಹೊರಹಾಕಬೇಕಾಗುತ್ತದೆ.

ಬೀಜ ಬುಟ್ಟಿ ದಾಟಿ ಹೋದದ್ದು ಹೇಗೆ ಅನ್ನುವುದೊಂದು ಉಳಿದಿತ್ತು. ಬುಟ್ಟಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ತಳದ ಹತ್ತಿರ ಬೆರಳುದ್ದದ ಬಿರುಕು ಇತ್ತು. ಒತ್ತಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಹೊಸ ಬುಟ್ಟಿ ಹಾಕಿದೆ. ಮುಂದಿನ ವಾರ ಅದನ್ನು ಎತ್ತಿದಾಗ ಅದೇ ಜಾತಿಯ ಬೀಜಗಳು ತಳದಲ್ಲಿ ಬಿದ್ದಿದ್ದವು.